ಪ್ರಧಾನಿಯನ್ನು ಬದಲಿಸಿದರೆ ಬ್ರೆಕ್ಸಿಟ್ ಬಗೆಹರಿಯುತ್ತಿತ್ತಾ?

ಪ್ರಶ್ನೆ: ನನ್ನ ಮಗಳು ಮ್ಯಾಂಚೆಸ್ಟರ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳು ಹೋದಾಗಿನಿಂದ ಬ್ರಿಟನ್ನಿನ ಸುದ್ದಿ ಓದುತ್ತಿದ್ದೇನೆ, ಆದರೆ ತಲೆಬುಡ ತಿಳಿಯುತ್ತಿಲ್ಲ. 2016ರಲ್ಲೇ ಜನ ಓಟು ಹಾಕಿ ‘ಐರೋಪ್ಯ ಒಕ್ಕೂಟ ಬಿಡೋಣ’ ಅಂದರಲ್ವಾ? ಹಾಗಿದ್ದೂ ಬಿಡೋದಕ್ಕೆ ಮೂರೂವರೆ ವರ್ಷ ಯಾಕೆ ಬೇಕಾಯಿತು? ಮಧ್ಯೆ ಮಧ್ಯೆ ಪ್ರಧಾನಿಗಳು ಬದಲಾಗುತ್ತಲೇ ಹೋದರು. ಜನರನ್ನು ಕೇಳದೆ ಹೀಗೆ ಪ್ರಧಾನಿಯನ್ನು ಬದಲಿಸುವುದು ಸರಿಯಾ? ಇದರಿಂದೆಲ್ಲ ನನ್ನ ಮಗಳಂಥವರಿಗೆ ಏನಾದರೂ ವ್ಯತ್ಯಾಸ ಆಯಿತಾ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ನೇರವಾಗಿ ವಿಷಯಕ್ಕೇ ಬರುತ್ತೇನೆ. ಜನ ‘ಬಿಡೋಣ’ ಅಂದಿದ್ದು ನಿಜ, ಬ್ರೆಕ್ಸಿಟ್ ಅಂದರೆ ಈ ಬಿಡುವುದೇ. ಬಿಟ್ಟ ಮೇಲೆ ಎಲ್ಲಿ ನಿಲ್ಲಬೇಕು ಅಂತ ಮಾತ್ರ ಅವರನ್ನು ಯಾರೂ ಕೇಳಿರಲಿಲ್ಲ. ಆ ಉತ್ತರ ಹುಡುಕುವ ಕೆಲಸ ಪಾರ್ಲಿಮೆಂಟಿನ ತಲೆಗೆ ಬಂತು. ಅಲ್ಲಿ ಯಾವ ಉತ್ತರಕ್ಕೂ ಬಹುಮತ ಸಿಗಲಿಲ್ಲ. ಬಹುಮತ ಸಿಗದೇ ಇದ್ದಾಗ ಆಳುವ ಕನ್ಸರ್ವೇಟಿವ್ ಪಕ್ಷ ಪ್ರಧಾನಿಯನ್ನು ಬದಲಿಸಿತು. ಕುರ್ಚಿಯಲ್ಲಿ ಕೂತವರು ಬದಲಾದರು, ಸದನದ ಲೆಕ್ಕ ಹಾಗೇ ಉಳಿಯಿತು. ನಿಮ್ಮ ಗೊಂದಲದ ಮೂಲ ಇರುವುದು ಇಲ್ಲೇ.

2016ರ ಜೂನ್ 23ರ ಮತಪತ್ರದಲ್ಲಿ ಇದ್ದದ್ದು ಎರಡೇ ಆಯ್ಕೆ. ಒಕ್ಕೂಟದಲ್ಲಿ ಉಳಿಯಬೇಕಾ, ಬಿಡಬೇಕಾ. 1,74,10,742 ಜನ ಬಿಡಬೇಕು ಅಂದರು, 1,61,41,241 ಜನ ಉಳಿಯಬೇಕು ಅಂದರು. ಶೇಕಡಾವಾರು ನೋಡಿದರೆ 51.9ಕ್ಕೆ 48.1. ಗೆದ್ದದ್ದು ಗೆದ್ದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿಂದ ಊರಿಗೆ ಅಂತರ ಹೇಗಿತ್ತು ನೋಡಿ. ಲಿಂಕನ್‌ಶೈರಿನ ಬೋಸ್ಟನ್‌ನಲ್ಲಿ ಶೇ 75.6ರಷ್ಟು ಜನ ಬಿಡಬೇಕು ಅಂದರು. ಅದು ತರಕಾರಿ ಹೊಲಗಳ ಸೀಮೆ. ಹೊಲದ ಕೆಲಸಕ್ಕೆ, ಪ್ಯಾಕಿಂಗ್ ಕೆಲಸಕ್ಕೆ ಪೂರ್ವ ಯುರೋಪಿನಿಂದ ಬಂದವರು ಅಲ್ಲಿ ಜಾಸ್ತಿ. ಬಾಡಿಗೆ ಮನೆ ಸಿಗಲ್ಲ, ಡಾಕ್ಟರ ಹತ್ತಿರ ಸರತಿ ಕರಗಲ್ಲ, ಕೂಲಿ ಏರಲ್ಲ ಅನ್ನುವುದು ಸ್ಥಳೀಯರ ದೂರು. ಅದನ್ನು ಸುಮ್ನೆ ದ್ವೇಷ ಅಂತ ತಳ್ಳಿಹಾಕಿದವರು ಆ ಊರನ್ನು ಅರ್ಥ ಮಾಡಿಕೊಳ್ಳಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಇನ್ನೊಂದು ತುದಿಯಲ್ಲಿ ಲಂಡನ್ನಿನ ಲ್ಯಾಂಬೆತ್. ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇರುವುದು ಅದೇ ಲ್ಯಾಂಬೆತ್‌ನಲ್ಲಿ. ಅಲ್ಲಿ ಶೇ 78.6 ಜನ ಉಳಿಯಬೇಕು ಅಂದರು. ಸ್ಕಾಟ್ಲೆಂಡಿನಲ್ಲೂ ಉತ್ತರ ಐರ್ಲೆಂಡಿನಲ್ಲೂ ಉಳಿಯುವ ಪರ ಇದ್ದವರೇ ಹೆಚ್ಚು.

ಪ್ರಚಾರದ ಮಾತುಗಳನ್ನೂ ಸ್ವಲ್ಪ ನೆನಪಿಸಿಕೊಳ್ಳಬೇಕು. ಬಿಡುವ ಪರದವರು ಒಂದು ಕೆಂಪು ಬಸ್ಸಿನ ಮೇಲೆ ದೊಡ್ಡದಾಗಿ ಬರೆಸಿದ್ದರು: ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಕೊಡೋಣ. ಒಕ್ಕೂಟ ಬ್ರಿಟನ್ನಿಗೆ ಬಿಟ್ಟುಕೊಡುತ್ತಿದ್ದ ರಿಯಾಯಿತಿಯನ್ನು ಆ ಲೆಕ್ಕದಲ್ಲಿ ಕಳೆದಿರಲೇ ಇಲ್ಲ. ಇದು ದಾರಿ ತಪ್ಪಿಸುವ ಅಂಕಿ ಅಂತ ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಸ್ಸು ಓಡುವುದು ನಿಲ್ಲಲಿಲ್ಲ. ಉಳಿಯುವ ಪರದವರು ಏನು ಮಾಡಿದರು? ಒಕ್ಕೂಟ ಬಿಟ್ಟರೆ ಮನೆಗೆ ವರ್ಷಕ್ಕೆ 4,300 ಪೌಂಡ್ ನಷ್ಟ ಅಂತ ಖಜಾನೆ ಇಲಾಖೆಯ ಲೆಕ್ಕ ಮುಂದಿಟ್ಟರು. ಅದು 15 ವರ್ಷ ಮುಂದಿನ ಅಂದಾಜು. ಆರ್ಥಿಕತೆಯ ಒಟ್ಟು ಗಾತ್ರವನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದ ಅಂಕಿ. ಮನೆಯ ಖರ್ಚಿನ ಪುಸ್ತಕಕ್ಕೂ ಅದಕ್ಕೂ ನೇರ ಸಂಬಂಧ ಇರಲಿಲ್ಲ. ಹೀಗೆ ಎರಡೂ ಕಡೆಯವರು ಜನರಿಗೆ ಸ್ಪಷ್ಟ ಚಿತ್ರ ಕೊಡಲಿಲ್ಲ. ಮತದಾನಕ್ಕೆ ಒಂದು ವಾರ ಮುಂಚೆ, ಜೂನ್ 16ರಂದು, ಉಳಿಯುವ ಪರ ಇದ್ದ ಸಂಸದೆ ಜೋ ಕಾಕ್ಸ್ ಅವರನ್ನು ಅವರ ಕ್ಷೇತ್ರದಲ್ಲೇ ಕೊಂದರು. ವಾದ ಯಾವ ಮಟ್ಟಕ್ಕೆ ಇಳಿದಿತ್ತು ಅಂತ ಹೇಳಲು ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆಯೇ ಪ್ರಧಾನಿ ಡೇವಿಡ್ ಕ್ಯಾಮರೂನ್ ರಾಜೀನಾಮೆ ಪ್ರಕಟಿಸಿದರು. ಜನರ ಮುಂದೆ ಈ ಪ್ರಶ್ನೆ ಇಟ್ಟವರು ಅವರೇ. ಜನ ‘ಬಿಡೋಣ’ ಅಂದರೆ ಹೇಗೆ ಬಿಡಬೇಕು ಅನ್ನುವ ಯೋಜನೆಯನ್ನು ಅವರ ಸರ್ಕಾರ ಮಾಡಿಟ್ಟಿರಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡ ಹೊಣೆಗೇಡಿತನ ಅನ್ನಿಸುವುದು ಇದೇ. ಜುಲೈ 13ಕ್ಕೆ ತೆರೆಸಾ ಮೇ ಪ್ರಧಾನಿಯಾದರು. ಕೊನೆಯ ಸುತ್ತಿನಲ್ಲಿ ಎದುರಾಳಿ ಹಿಂದೆ ಸರಿದದ್ದರಿಂದ ಪಕ್ಷದ ಸದಸ್ಯರ ಮತದಾನವೂ ನಡೆಯಲಿಲ್ಲ. ಮೇ ಸ್ವತಃ ಉಳಿಯುವ ಪರ ಇದ್ದವರು. ಈಗ ಬಿಡಿಸುವ ಕೆಲಸ ಅವರ ಪಾಲಿಗೆ ಬಂತು.

ಬಿಡುವುದರಲ್ಲೂ ಹತ್ತಾರು ಬಗೆ ಇತ್ತು. ನಾರ್ವೆಯ ಹಾಗೆ ಸದಸ್ಯತ್ವ ಬಿಟ್ಟು ಮಾರುಕಟ್ಟೆಯಲ್ಲಿ ಉಳಿಯಬಹುದು. ಟರ್ಕಿಯ ಹಾಗೆ ಸುಂಕದ ಒಪ್ಪಂದವನ್ನಷ್ಟೇ ಇಟ್ಟುಕೊಳ್ಳಬಹುದು. ಕೆನಡಾದ ಹಾಗೆ ದೂರದ ವ್ಯಾಪಾರ ಒಪ್ಪಂದ ಸಾಕು ಅನ್ನಬಹುದು. ಒಪ್ಪಂದವೇ ಬೇಡ ಅಂತ ಎದ್ದೂ ಹೋಗಬಹುದು. ‘ಜನರ ತೀರ್ಪು’ ಅಂತ ಎಲ್ಲರೂ ಹೇಳುತ್ತಿದ್ದರು, ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಬ್ರೆಕ್ಸಿಟ್ ಇತ್ತು.

ಎಲ್ಲದಕ್ಕಿಂತ ಬಿಗಿಯಾದ ಗಂಟು ಐರ್ಲೆಂಡಿನದು. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ಪಕ್ಕದ ಐರ್ಲೆಂಡ್ ಸ್ವತಂತ್ರ ದೇಶ, ಐರೋಪ್ಯ ಒಕ್ಕೂಟದ ಸದಸ್ಯ. ಇವೆರಡರ ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಮೂರು ದಶಕದ ರಕ್ತಪಾತದ ನಂತರ 1998ರ ಗುಡ್ ಫ್ರೈಡೇ ಒಪ್ಪಂದದಿಂದ ಅಲ್ಲಿ ಶಾಂತಿ ನೆಲೆಸಿತು. ಆ ಶಾಂತಿಯ ಒಂದು ಆಧಾರ ಏನೆಂದರೆ ಗಡಿ ಕಣ್ಣಿಗೆ ಕಾಣುವುದಿಲ್ಲ. ಚೆಕ್‌ಪೋಸ್ಟ್ ಇಲ್ಲ, ಸೈನಿಕರ ಕಾವಲು ಗೋಪುರ ಇಲ್ಲ. ರಸ್ತೆಯ ಬೋರ್ಡಿನಲ್ಲಿ ವೇಗದ ಮಿತಿ ಮೈಲಿಯಿಂದ ಕಿಲೋಮೀಟರಿಗೆ ಬದಲಾದರೆ ಗಡಿ ದಾಟಿದ್ದೀರಿ ಅಂತ ಅರ್ಥ. ಬ್ರಿಟನ್ ಸುಂಕದ ಒಕ್ಕೂಟವನ್ನೂ (ತಮ್ಮತಮ್ಮೊಳಗೆ ಸುಂಕ ಇಲ್ಲ, ಹೊರಗಿನವರಿಗೆ ಒಂದೇ ಸುಂಕ ಅನ್ನುವ ಏರ್ಪಾಡು) ಬಿಟ್ಟರೆ ಸರಕು ತಪಾಸಣೆ ಎಲ್ಲಾದರೂ ಆಗಲೇಬೇಕು. ನೆಲದ ಗಡಿಯಲ್ಲಿ ಮಾಡಿದರೆ ಶಾಂತಿಗೆ ಕುತ್ತು. ಸಮುದ್ರದಲ್ಲಿ, ಅಂದರೆ ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವೆ ಮಾಡಿದರೆ ಒಂದೇ ದೇಶದೊಳಗೆ ಗಡಿ ಎಳೆದಂತೆ. ಎರಡೂ ಬೇಡ ಅಂದರೆ ಬ್ರಿಟನ್ ಪೂರ್ತಿ ಒಕ್ಕೂಟದ ನಿಯಮಗಳಿಗೆ ಹತ್ತಿರದಲ್ಲೇ ಇರಬೇಕು. ನಾಲ್ಕನೇ ದಾರಿ ಇರಲಿಲ್ಲ. ಯಾವ ಪ್ರಧಾನಿ ಬಂದರೂ ಇರುತ್ತಿರಲಿಲ್ಲ.

ಮೇ ಮಾಡಿದ ಒಂದು ಎಡವಟ್ಟು ಈ ಗಂಟನ್ನು ಇನ್ನಷ್ಟು ಬಿಗಿ ಮಾಡಿತು. ಬಹುಮತ ಹೆಚ್ಚಿಸಿಕೊಳ್ಳೋಣ ಅಂತ 2017ರ ಜೂನ್‌ನಲ್ಲಿ ಅವಧಿಗೂ ಮುಂಚೆ ಚುನಾವಣೆಗೆ ಹೋದರು, ಇದ್ದ ಬಹುಮತವನ್ನೇ ಕಳೆದುಕೊಂಡರು. ಸರ್ಕಾರ ಉಳಿಸಿಕೊಳ್ಳಲು ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಸಂಸದರ ಬೆಂಬಲ ಬೇಕಾಯಿತು. ಸಮುದ್ರದ ಗಡಿಯನ್ನು ಸುತರಾಂ ಒಪ್ಪದ ಪಕ್ಷ ಅದು. ಬ್ರಿಟನ್ನಿನ ಯಾವ ಪ್ರಧಾನಿಯೂ ಅದನ್ನು ಒಪ್ಪಲಾರರು ಅಂತ ಮೇ ಕೂಡ 2018ರ ಫೆಬ್ರವರಿಯಲ್ಲಿ ಸದನದಲ್ಲೇ ಹೇಳಿಬಿಟ್ಟರು. ಉಳಿದದ್ದು ಮೂರನೇ ದಾರಿ. ಅದನ್ನು ಅವರ ಪಕ್ಷದ ಕಟ್ಟಾ ಬ್ರೆಕ್ಸಿಟ್ ಗುಂಪು ಒಪ್ಪಲಿಲ್ಲ.

ಮೇ ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದ ಮತಕ್ಕೆ ಬಂದ 2019ರ ಜನವರಿ 15ರ ಸಂಜೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪಾರ್ಲಿಮೆಂಟಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಸಂಸದರು ಓಟಿಗೆ ಗುಂಡಿ ಒತ್ತುವುದಿಲ್ಲ. ಎದ್ದು ಹೋಗಿ, ಪರ ಇದ್ದವರು ಒಂದು ಪಡಸಾಲೆ, ವಿರುದ್ಧ ಇದ್ದವರು ಇನ್ನೊಂದು ಪಡಸಾಲೆ ಹಾದು ಬರಬೇಕು. ಎಣಿಸುವವರು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಾರೆ. ಆಮೇಲೆ ನಾಲ್ವರು ಎಣಿಕೆದಾರರು ಸಭಾಧ್ಯಕ್ಷರ ಮುಂದೆ ಸಾಲಾಗಿ ನಿಂತು ಅಂಕಿ ಓದುತ್ತಾರೆ. ಆ ಸಂಜೆ ಓದಿದ್ದು: ಪರ 202, ವಿರುದ್ಧ 432. ಅಂತರ 230. ಅಲ್ಲಿನ ಆಧುನಿಕ ಇತಿಹಾಸದಲ್ಲಿ ಯಾವ ಸರ್ಕಾರವೂ ಇಷ್ಟು ದೊಡ್ಡ ಅಂತರದಲ್ಲಿ ಸೋತಿರಲಿಲ್ಲ. ವಿರುದ್ಧದ ಪಡಸಾಲೆಯಲ್ಲಿ ನಡೆದು ಹೋದವರಲ್ಲಿ 118 ಮಂದಿ ಮೇ ಅವರ ಸ್ವಂತ ಪಕ್ಷದವರು. ಮಾರನೇ ದಿನವೇ ಅವಿಶ್ವಾಸ ನಿರ್ಣಯ ಬಂತು. ಆ 118 ಮಂದಿ ಹೋಗಿ ಪ್ರಧಾನಿಯ ಪರ ನಿಂತರು. 325ಕ್ಕೆ 306ರಲ್ಲಿ ಸರ್ಕಾರ ಉಳಿಯಿತು. ನಿಮ್ಮ ಒಪ್ಪಂದ ಬೇಡ, ನೀವು ಇರಿ ಅಂದ ಹಾಗಾಯಿತು.

ನಮ್ಮವರಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ ಮೀರಿದರೆ ಸ್ಥಾನಕ್ಕೇ ಸಂಚಕಾರ. ಬ್ರಿಟನ್ನಿನಲ್ಲಿ ಅಂಥ ಕಾಯ್ದೆ ಇಲ್ಲ. ಪಕ್ಷ ಹೊರಗೆ ಹಾಕಬಹುದು, ಸಂಸದನ ಸ್ಥಾನ ಮಾತ್ರ ಹೋಗುವುದಿಲ್ಲ. 2019ರ ಜುಲೈ 23 ನಿಮಗೆ ನೆನಪಿರಬಹುದು. ಅಂದು ವಿಧಾನಸೌಧದಲ್ಲಿ ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಲ್ಲಿ ಬಿತ್ತು. ಕೆಲವೇ ದಿನಗಳಲ್ಲಿ 17 ಶಾಸಕರು ಅನರ್ಹರಾದರು. ಅದೇ ಜುಲೈ 23ರಂದು ಲಂಡನ್ನಿನಲ್ಲಿ ಬೋರಿಸ್ ಜಾನ್ಸನ್ ಪಕ್ಷದ ನಾಯಕರಾಗಿ ಗೆದ್ದರು. ಸೆಪ್ಟೆಂಬರಿನಲ್ಲಿ ಅವರ ವಿರುದ್ಧ ಓಟು ಹಾಕಿದ 21 ಸಂಸದರನ್ನು ಸಂಸದೀಯ ಪಕ್ಷದಿಂದ ಹೊರಹಾಕಿದರು. ಅವರಲ್ಲಿ ಚರ್ಚಿಲ್ ಮೊಮ್ಮಗ ನಿಕೊಲಸ್ ಸೋಮ್ಸ್ ಕೂಡ ಇದ್ದರು. ಆದರೆ ಆ 21 ಮಂದಿಯೂ ಸಂಸದರಾಗಿಯೇ ಉಳಿದರು, ಮಾರನೇ ದಿನ ಸದನಕ್ಕೆ ಬಂದು ಕೂತರು. ಯಾವ ವ್ಯವಸ್ಥೆ ಒಳ್ಳೆಯದು ಅಂತ ಕೇಳಿದರೆ, ಆತ್ಮಸಾಕ್ಷಿಯ ಓಟಿಗೆ ಜಾಗ ಇರುವ ವ್ಯವಸ್ಥೆಯೇ ನನಗೆ ಇಷ್ಟ. ಸರ್ಕಾರ ನಡೆಸುವವರಿಗೆ ಅದು ಕಷ್ಟ ಅನ್ನುವುದೂ ಅಷ್ಟೇ ನಿಜ.

ಮತ್ತೆ ಮೇ ವಿಷಯಕ್ಕೆ ಬರೋಣ. ಒಕ್ಕೂಟ ಬಿಡಬೇಕಾದ ಮೂಲ ದಿನ 2019ರ ಮಾರ್ಚ್ 29. ಅದಕ್ಕೆ ಎರಡು ದಿನ ಮುಂಚೆ ಎರಡು ಸಂಗತಿ ನಡೆದವು. ಸಂಸದರು ತಾವೇ ಎಂಟು ಪರ್ಯಾಯಗಳನ್ನು ಮತಕ್ಕೆ ಹಾಕಿ ನೋಡಿದರು. ಸುಂಕದ ಒಕ್ಕೂಟದಲ್ಲಿ ಉಳಿಯೋಣ, ಮತ್ತೆ ಜನರ ಮುಂದೆ ಹೋಗೋಣ, ಒಪ್ಪಂದವಿಲ್ಲದೆ ಹೊರಡೋಣ... ಎಂಟೂ ಬಿದ್ದವು. ಅದೇ ದಿನ ಮೇ ತಮ್ಮ ಸಂಸದರನ್ನು ಕರೆದು, ಒಪ್ಪಂದ ಪಾಸು ಮಾಡಿ, ನಾನು ಕುರ್ಚಿ ಬಿಡುತ್ತೇನೆ ಅಂದರು. ಪ್ರಧಾನಿ ತಮ್ಮ ಹುದ್ದೆಯನ್ನೇ ಪಣಕ್ಕಿಟ್ಟರು. ಜಾನ್ಸನ್ ಸೇರಿ ಕೆಲವರು ಮನಸ್ಸು ಬದಲಿಸಿ ಪರವಾಗಿ ಓಟು ಹಾಕಿದರು. 29ರಂದು ಎಣಿಸಿದಾಗ 286ಕ್ಕೆ 344. ಅದೇ ಒಪ್ಪಂದಕ್ಕೆ ಮೂರನೇ ಸೋಲು. ಏಪ್ರಿಲ್ 1ರಂದು ಸುಂಕದ ಒಕ್ಕೂಟದ ಪ್ರಸ್ತಾಪ ಮತ್ತೆ ಬಂದು ಬರೀ 3 ಓಟಿನಲ್ಲಿ ಬಿತ್ತು. ಬೇರೆ ಪಕ್ಷಗಳೂ ಇಲ್ಲಿ ಹೊಣೆ ಹೊರಬೇಕು. ಮರುಮತದಾನವೇ ಬೇಕು ಅಂತ ಹಟ ಹಿಡಿದವರು ಅಂದು ನಾಲ್ಕು ಓಟು ಕೊಟ್ಟಿದ್ದರೆ ಮಧ್ಯದ ದಾರಿಯೊಂದಕ್ಕೆ ಸದನದ ಬಹುಮತ ಸಿಗುತ್ತಿತ್ತು.

ಮೇ ಇಳಿದು ಜಾನ್ಸನ್ ಬಂದ ಮೇಲೆ ಬದಲಾಗಿದ್ದೇನು? ಮೊದಲು ಪಾರ್ಲಿಮೆಂಟನ್ನೇ ಐದು ವಾರ ಮುಚ್ಚಿಸಲು ಹೋದರು. ಸೆಪ್ಟೆಂಬರ್ 24ರಂದು ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಕಾನೂನುಬಾಹಿರ ಅಂದರು. ಅಕ್ಟೋಬರಿನಲ್ಲಿ ಐರ್ಲೆಂಡ್ ಪ್ರಧಾನಿ ಲಿಯೋ ವರಾಡ್ಕರ್ ಜೊತೆ ಮಾತಾಡಿ, ಕೊನೆಗೆ ಸಮುದ್ರದ ಗಡಿಯನ್ನು ಒಪ್ಪಿಕೊಂಡರು. ಅದಕ್ಕೆ ಒಂದು ವರ್ಷವೂ ಆಗಿರಲಿಲ್ಲ, 2018ರ ನವೆಂಬರಿನಲ್ಲಿ ಇದೇ ಜಾನ್ಸನ್ ಬೆಲ್‌ಫಾಸ್ಟ್‌ನಲ್ಲಿ ಡಿಯುಪಿ ಸಮಾವೇಶದ ವೇದಿಕೆ ಹತ್ತಿ, ಯಾವ ಕನ್ಸರ್ವೇಟಿವ್ ಸರ್ಕಾರವೂ ಇಂಥದ್ದಕ್ಕೆ ಸಹಿ ಹಾಕಬಾರದು ಅಂದಿದ್ದರು. ಆಮೇಲೆ ಚುನಾವಣೆಗೆ ಹೋದರು. 2019ರ ಡಿಸೆಂಬರ್ 12ರಂದು 365 ಸ್ಥಾನ ಬಂತು. 80ರ ಬಹುಮತ. ಡಿಯುಪಿಯ ಹಂಗು ಇಲ್ಲ, ಬಂಡಾಯದ ಭಯ ಇಲ್ಲ. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು.

ಹಾಗಾದರೆ ನಾಯಕ ಬದಲಾದದ್ದರಿಂದಲೇ ಕೆಲಸ ಆಯಿತಲ್ವಾ ಅಂತ ನೀವು ಕೇಳಬಹುದು. ಅರ್ಧ ನಿಜ. ಜಾನ್ಸನ್ ಹೊಸ ದಾರಿಯನ್ನೇನೂ ಹುಡುಕಲಿಲ್ಲ. ಇದ್ದ ಮೂರರಲ್ಲಿ ಮೇ ಬೇಡ ಅಂದದ್ದನ್ನು ಇವರು ಬೇಕು ಅಂದರು. ಅಕ್ಟೋಬರ್ 22ರಂದು ಹಳೇ ಸದನದಲ್ಲೇ ಅವರ ಮಸೂದೆ ಮೊದಲ ಮುಖ್ಯ ಮತದಾನ ಗೆದ್ದಿತ್ತು, 329ಕ್ಕೆ 299. ಆದರೆ ಅದನ್ನು ಮೂರು ದಿನದಲ್ಲಿ ಮುಗಿಸುವ ವೇಳಾಪಟ್ಟಿಯನ್ನು ಅದೇ ಸದನ ಅಂದೇ ತಿರಸ್ಕರಿಸಿತು. ಕದ ತೆರೆದದ್ದು ಚುನಾವಣೆ, ಅಂದರೆ ಜನ ಸದನದ ಲೆಕ್ಕವನ್ನು ಬದಲಿಸಿದ್ದು. ಸಮುದ್ರದ ಗಡಿಯ ಬೆಲೆಯನ್ನು ಉತ್ತರ ಐರ್ಲೆಂಡಿನ ಜನ ತೆತ್ತರು. ಡಿಯುಪಿ ಪ್ರತಿಭಟಿಸಿ ಹೊರನಡೆದದ್ದರಿಂದ 2022ರ ಫೆಬ್ರವರಿಯಿಂದ ಎರಡು ವರ್ಷ ಅಲ್ಲಿ ಪೂರ್ಣ ಸರ್ಕಾರವೇ ಇರಲಿಲ್ಲ. ಆ ಎರಡು ವರ್ಷ ಮುಗಿಯುವ ಹೊತ್ತಿಗೆ ಲಂಡನ್ನಿನಲ್ಲಿ ಇನ್ನೂ ಇಬ್ಬರು ಪ್ರಧಾನಿಗಳು ಬಂದಾಗಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ, ಜನರನ್ನು ಕೇಳದೆ ಪ್ರಧಾನಿಯನ್ನು ಬದಲಿಸಬಹುದಾ. ಕಾನೂನಿನ ಪ್ರಕಾರ ಬದಲಿಸಬಹುದು. ನಮ್ಮದೂ ಅದೇ ಪದ್ಧತಿ. 2021ರ ಜುಲೈನಲ್ಲಿ ಯಡಿಯೂರಪ್ಪ ಇಳಿದು ಬೊಮ್ಮಾಯಿ ಬಂದಾಗ ನಾವೇನೂ ಮತಗಟ್ಟೆಗೆ ಹೋಗಲಿಲ್ಲ. ಸದನದ ವಿಶ್ವಾಸ ಯಾರಿಗಿದೆಯೋ ಅವರು ಮುಖ್ಯಸ್ಥರು, ಅಷ್ಟೇ. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಕನ್ಸರ್ವೇಟಿವ್ ಪಕ್ಷದ ನಿಯಮದಲ್ಲಿ ಸಂಸದರು ಇಬ್ಬರನ್ನು ಆರಿಸಿ ಕಳಿಸುತ್ತಾರೆ, ಕೊನೆಯ ಆಯ್ಕೆ ಚಂದಾ ಕಟ್ಟಿದ ಸದಸ್ಯರದು. ವಿರೋಧ ಪಕ್ಷದಲ್ಲಿದ್ದಾಗ ಅದು ಪಕ್ಷದ ಮನೆವಾರ್ತೆ. ಅಧಿಕಾರದಲ್ಲಿದ್ದಾಗ ದೇಶದ ಪ್ರಧಾನಿಯನ್ನೇ ಆರಿಸಿದಂತೆ. 2022ರಲ್ಲಿ ಏನಾಯಿತು ನೋಡಿ. ಕೊರೊನಾ ಲಾಕ್‌ಡೌನ್ ನಡುವೆ ಪ್ರಧಾನಿ ಕಚೇರಿಯಲ್ಲೇ ಪಾರ್ಟಿ ಮಾಡಿದ ಹಗರಣ, ಆಮೇಲೆ ಸುಳ್ಳಿನ ಆರೋಪಗಳು, ಸಾಲು ಸಾಲು ಮಂತ್ರಿಗಳ ರಾಜೀನಾಮೆ. ಜುಲೈ 7ಕ್ಕೆ ಜಾನ್ಸನ್ ಇಳಿಯಲು ಒಪ್ಪಿದರು. ಸಂಸದರ ಕೊನೆಯ ಸುತ್ತಿನಲ್ಲಿ ರಿಷಿ ಸುನಕ್ ಅವರಿಗೆ 137, ಲಿಜ್ ಟ್ರಸ್ ಅವರಿಗೆ 113. ಸದಸ್ಯರು ಅದನ್ನು ತಿರುಗಿಸಿದರು. ಟ್ರಸ್ 81,326, ಸುನಕ್ 60,399. ಓಟಿನ ಹಕ್ಕಿದ್ದವರು ಸುಮಾರು 1.72 ಲಕ್ಷ ಮಂದಿ. ನಮ್ಮ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಅದಕ್ಕಿಂತ ಹೆಚ್ಚು ಮತದಾರರಿರುತ್ತಾರೆ. ಸಾಲ ಮಾಡಿ ತೆರಿಗೆ ಕಡಿತ ಮಾಡಬೇಡಿ ಅಂತ ಸುನಕ್ ಬೇಸಿಗೆಯಿಡೀ ಎಚ್ಚರಿಸಿದ್ದರು. ಸೆಪ್ಟೆಂಬರ್ 23ರಂದು ಟ್ರಸ್ ಸರ್ಕಾರ ಅದನ್ನೇ ಮಾಡಿತು. ಪೌಂಡ್ ಕುಸಿಯಿತು, ಮನೆ ಸಾಲದ ಬಡ್ಡಿ ಏರಿತು, ಅಕ್ಟೋಬರ್ 20ಕ್ಕೆ ಟ್ರಸ್ ರಾಜೀನಾಮೆ ಪ್ರಕಟಿಸಿದರು. 25ಕ್ಕೆ ಸುನಕ್ ಪ್ರಧಾನಿಯಾದರು. ಬೆಂಗಳೂರಿನಲ್ಲಿ ‘ನಮ್ಮ ಅಳಿಯ’ ಅಂತ ಸಂಭ್ರಮಿಸಿದ್ದು ನಿಮಗೂ ನೆನಪಿರುತ್ತದೆ. ನಾರಾಯಣ ಮೂರ್ತಿ, ಸುಧಾ ಮೂರ್ತಿ ಅವರ ಮಗಳು ಅಕ್ಷತಾ ಅವರ ಪತಿ ಅಲ್ವಾ. ಈ ಸಲ ಸದಸ್ಯರನ್ನು ಕೇಳುವ ಪ್ರಸಂಗವೇ ಬರಲಿಲ್ಲ, ಕಣದಲ್ಲಿ ಉಳಿದದ್ದು ಅವರೊಬ್ಬರೇ. ಸಂಸದರಾದರೆ ಮುಂದಿನ ಚುನಾವಣೆಯಲ್ಲಿ ಜನರಿಗೆ ಉತ್ತರ ಹೇಳಬೇಕು. ಪಕ್ಷದ ಸದಸ್ಯರು ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಅದಕ್ಕೇ ಅಧಿಕಾರದಲ್ಲಿರುವಾಗ ಆಯ್ಕೆ ಸಂಸದರ ಕೈಯಲ್ಲೇ ಇರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಜನರಿಗೆ ತಮ್ಮ ಮಾತು ಹೇಳುವ ಅವಕಾಶ ಬಂದದ್ದು 2024ರ ಜುಲೈ 4ರಂದು. ಕನ್ಸರ್ವೇಟಿವ್ ಪಕ್ಷ 121 ಸ್ಥಾನಕ್ಕೆ ಇಳಿಯಿತು.

ಇನ್ನು ನಿಮ್ಮ ಮಗಳ ವಿಷಯ. ಇಲ್ಲಿ ಬ್ರೆಕ್ಸಿಟ್ಟೂ ಲೆಕ್ಕಕ್ಕೆ ಬಂತು, ನಾಯಕತ್ವದ ಬದಲಾವಣೆಯೂ ಬಂತು. ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡಲು ಮುಂಚೆ ಒಂದು ವೀಸಾ ಇತ್ತು. ಮೇ ಗೃಹ ಮಂತ್ರಿಯಾಗಿದ್ದಾಗ, 2012ರಲ್ಲಿ, ಅದನ್ನು ತೆಗೆದರು. ಪ್ರಧಾನಿಯಾದ ಮೇಲೂ ವಾಪಸ್ ತರಲಿಲ್ಲ. ಜಾನ್ಸನ್ ಬಂದು ಎರಡು ತಿಂಗಳೊಳಗೆ ಅದನ್ನು ಮತ್ತೆ ತರುವುದಾಗಿ ಪ್ರಕಟಿಸಿದರು, 2021ರ ಜುಲೈನಿಂದ ಗ್ರ್ಯಾಜುಯೇಟ್ ವೀಸಾ ಹೆಸರಿನಲ್ಲಿ ಜಾರಿಗೆ ಬಂತು. ಯುರೋಪಿನವರಿಗೆ ಇದ್ದ ಮುಕ್ತ ಓಡಾಟ 2020ರ ಕೊನೆಗೆ ನಿಂತು, ಎಲ್ಲ ದೇಶದವರಿಗೂ ಒಂದೇ ಅಂಕ ಪದ್ಧತಿ, ಅಂದರೆ ಕೆಲಸ, ಸಂಬಳ, ಇಂಗ್ಲಿಷ್ ನೋಡಿ ಅಂಕ ಕೊಟ್ಟು ವೀಸಾ ನೀಡುವ ಪದ್ಧತಿ ಬಂತು. ಯುರೋಪಿನಿಂದ ಬರುವವರು ಕಡಿಮೆಯಾದರು. ಭಾರತದಿಂದ, ನೈಜೀರಿಯಾದಿಂದ ವಿದ್ಯಾರ್ಥಿಗಳು, ನರ್ಸ್‌ಗಳು, ಐಟಿ ಕೆಲಸಗಾರರು ಹೆಚ್ಚಾದರು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ದೇಶ ಬಿಟ್ಟವರನ್ನು ಕಳೆದು ಉಳಿದ ವಲಸಿಗರ ಸಂಖ್ಯೆ 9 ಲಕ್ಷ ದಾಟಿತು. ವಲಸೆ ತಗ್ಗುತ್ತದೆ ಅಂತ ನಂಬಿ ಓಟು ಹಾಕಿದ ಬೋಸ್ಟನ್ನಿನಂಥ ಊರುಗಳಿಗೆ ಇದು ಮೋಸ ಅನ್ನಿಸಿತು. ಅದರ ಸಿಟ್ಟು ಈಗ ವೀಸಾ ನಿಯಮಗಳ ಮೇಲೆ ಬೀಳುತ್ತಿದೆ. 2024ರ ಜನವರಿಯಿಂದ ಹೆಚ್ಚಿನ ಎಂ.ಎಸ್ಸಿ. ವಿದ್ಯಾರ್ಥಿಗಳು ಗಂಡನನ್ನೋ ಹೆಂಡತಿಯನ್ನೋ ಮಕ್ಕಳನ್ನೋ ಕರೆದೊಯ್ಯುವಂತಿಲ್ಲ. ಗ್ರ್ಯಾಜುಯೇಟ್ ವೀಸಾದ ಎರಡು ವರ್ಷವನ್ನು 18 ತಿಂಗಳಿಗೆ ಇಳಿಸುವುದಾಗಿ, 2024ರ ಚುನಾವಣೆ ಗೆದ್ದ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಸರ್ಕಾರ 2025ರಲ್ಲಿ ಪ್ರಕಟಿಸಿತು. ಅದಕ್ಕೇ ಮಗಳಿಗೆ ಹೇಳಿ: ಕೋರ್ಸ್ ಮುಗಿಯುವ ದಿನ, ಈಗಿನ ವೀಸಾ ಮುಗಿಯುವ ದಿನ ಎರಡನ್ನೂ ಬರೆದಿಟ್ಟುಕೊಳ್ಳಲಿ. ಏಜೆಂಟರ ಮಾತು ನಂಬಿ ಕೂರುವುದು ಬೇಡ. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ತಾನೇ ನಿಯಮ ಓದಲಿ, ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಲಿ. ಕೋರ್ಸ್ ಮುಗಿದ ಸುದ್ದಿಯನ್ನು ವಿಶ್ವವಿದ್ಯಾಲಯ ಸರ್ಕಾರಕ್ಕೆ ತಿಳಿಸಿದ ಮೇಲೆಯೇ ಗ್ರ್ಯಾಜುಯೇಟ್ ವೀಸಾಗೆ ಅರ್ಜಿ ಹಾಕಬೇಕು, ಅದೂ ಬ್ರಿಟನ್ನಿನೊಳಗೆ ಇದ್ದುಕೊಂಡೇ. ಫಲಿತಾಂಶದ ಖುಷಿಯಲ್ಲಿ ಊರಿಗೆ ಹೊರಡುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಲಿ.